ಮ ಮ ಗ, ಸ ನಿ ನಿ: ಡಾಮಿನೆಂಟ್ ಕಾರ್ಡನ್ನು ಇಳಿಸಲು ಕಲಿತ ಬಗೆ

ಜಿ ಸೆವೆನ್ ಕಾರ್ಡಿನಿಂದ ಸಿ ಮೇಜರ್ ಕಾರ್ಡಿಗೆ (ಕಾರ್ಡು ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳು) ಹೋಗುವುದು ಗಿಟಾರ್ ಹಿಡಿದವರಿಗೆಲ್ಲ ಶುರುವಿನಲ್ಲೇ ಬಂದುಬಿಡುತ್ತದೆ. ಸಿನಿಮಾ ಹಾಡು ನುಡಿಸಿಕೊಂಡಿದ್ದಷ್ಟು ಕಾಲ ಆ ಎರಡು ಕಾರ್ಡುಗಳ ನಡುವೆ ಏನಾಗುತ್ತದೆ ಅಂತ ಕೇಳಿಕೊಳ್ಳುವ ಪ್ರಮೇಯ ನನಗೆ ಬಂದಿರಲಿಲ್ಲ. ಜಾಝಿಗೆ ಕೈಹಾಕಿದ ಮೇಲೆ ಬಂತು. ಅಲ್ಲಿ ಡಾಮಿನೆಂಟ್ ಕಾರ್ಡು, ಅಂದರೆ ಸಿಗೆ ಜಿ ಸೆವೆನ್ ಇರುವಂತೆ ಆಧಾರಸ್ವರದ ಕಡೆಗೆ ಎಳೆಯುವ ಕಾರ್ಡು, ಸಾಲಿನ ಕೊನೆಗೊಮ್ಮೆ ಮುಖ ತೋರಿಸಿ ಹೋಗುವುದಿಲ್ಲ. 32 ಬಾರಿನ (ಬಾರು ಅಂದರೆ ಇಲ್ಲಿ ನಾಲ್ಕು ಪೆಟ್ಟಿನ ಒಂದು ಅಳತೆ) ಹಾಡಿನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ, ಒಂದೊಂದು ಸಲ ಒಂದೊಂದು ಆಧಾರಸ್ವರದ ಕಡೆಗೆ ಎಳೆಯುತ್ತದೆ. ಅದನ್ನು ಇಳಿಸುವ, ಅಂದರೆ ಆ ಎಳೆತವನ್ನು ಅದು ಸೇರಬೇಕಾದ ಕಾರ್ಡಿನಲ್ಲಿ ನೆಲೆಗೊಳಿಸುವ ದಾರಿ ತಿಳಿಯದಿದ್ದರೆ ಹಿಡಿದ ಕಾರ್ಡುಗಳೆಲ್ಲ ಸರಿಯಿದ್ದರೂ ಒಟ್ಟು ನುಡಿಸಾಣಿಕೆ ಬಿಡಿಬಿಡಿಯಾಗಿ ಕೇಳುತ್ತದೆ.

ನನ್ನದು ರಾಕ್ ನುಡಿಸಿ ಪಳಗಿದ ಕೈ. ಡಿ ಮೈನರ್ ಸೆವೆನ್‌ಗೆ 5ನೇ ಫ್ರೆಟ್ಟು (ಗಿಟಾರಿನ ಕತ್ತಿನ ಮೇಲಿನ ಮನೆ, ಒಂದೊಂದೂ ಅರ್ಧ ಸ್ವರ), ಜಿ ಸೆವೆನ್‌ಗೆ 3ನೆಯದು, ಸಿ ಮೇಜರ್ ಸೆವೆನ್‌ಗೆ 8ನೆಯದು, ಹೀಗೆ ಒಂದೊಂದಕ್ಕೂ ಒಂದೊಂದು ಹಿಡಿತ. ಇಡೀ ಕೈ ಎದ್ದು ಇನ್ನೊಂದು ಕಡೆ ಕೂರಬೇಕು. ಜಾಝಿನಲ್ಲಿ ಎಲ್ಲರೂ ಮೊದಲು ಕಲಿಯುವ ಟೂ–ಫೈವ್–ಒನ್ ಅಂದರೆ ಇದೇ ಮೂರು ಕಾರ್ಡು, ಇದೇ ಕ್ರಮ. ವಾರಗಟ್ಟಲೆ ನುಡಿಸಿದ ಮೇಲೂ ಅದು ಮೂರು ಬೇರೆ ಬೇರೆ ಸದ್ದಾಗಿಯೇ ಉಳಿದಿತ್ತು.

ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ ಹಿರಿಯರೊಬ್ಬರು ಪಾಠ ಹೇಳುತ್ತಾರೆಂದು ಗೊತ್ತಾಗಿ ಹೋದೆ. ಒಂದು ಕಾಲಕ್ಕೆ ಹೋಟೆಲ್ ಬ್ಯಾಂಡುಗಳಲ್ಲಿ ನುಡಿಸಿದವರು. ಆ ಕಡೆಯವರೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಮೂರು ಕಾರ್ಡು ಕೇಳಿ, "ಆರು ತಂತಿ ಯಾಕ್ ಮ್ಯಾನ್? ಬಾಸ್ ಬಾರಿಸೋನು ಇದಾನೆ, ಪಿಯಾನೋ ಇದೆ. ಎರಡು ತಂತಿ ಸಾಕು ನಿಂಗೆ. ನಾಲ್ಕನೇದು, ಮೂರನೇದು," ಅಂದರು. ಇದು ಅವರ ಸ್ವಂತ ಹಟ ಅಂದುಕೊಂಡಿದ್ದೆ. ಆಮೇಲೆ ಅಮೆರಿಕದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್‌ರನ್ನು ಕೇಳಿಸಿದರು. 1937ರಲ್ಲಿ ಕೌಂಟ್ ಬೇಸಿಯ ಜಾಝ್ ತಂಡ ಸೇರಿ 1987ರಲ್ಲಿ ತೀರಿಕೊಳ್ಳುವ ತನಕ ಅದೇ ತಂಡದಲ್ಲಿ ಕೂತು ಬಾರಿಗೆ ನಾಲ್ಕು ಪೆಟ್ಟು ಹಾಕಿದ ಮನುಷ್ಯ. ಸೋಲೋ ಇಲ್ಲವೆನ್ನುವಷ್ಟು ಕಡಿಮೆ. ಅವರು ಹಿಡಿಯುತ್ತಿದ್ದದ್ದು ಮೂರು ಸ್ವರ, ಎಷ್ಟೋ ಕಡೆ ಅದರಲ್ಲಿ ಗಟ್ಟಿಯಾಗಿ ಕೇಳುವುದು ಒಂದೇ. ಅಷ್ಟರಲ್ಲೇ ಹದಿನೈದು ಹದಿನಾರು ವಾದ್ಯಗಳ ಬ್ಯಾಂಡು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯುತ್ತದೆ.

ಮೊದಲ ಪಾಠ ಇಷ್ಟೇ. ನಾಲ್ಕನೇ ತಂತಿ, ಮೂರನೇ ತಂತಿ. ಡಿ ಮೈನರ್ ಸೆವೆನ್‌ಗೆ 3 ಮತ್ತು 5ನೇ ಫ್ರೆಟ್ಟು: ಎಫ್, ಸಿ. ಜಿ ಸೆವೆನ್‌ಗೆ 3 ಮತ್ತು 4: ಎಫ್, ಬಿ. ಸಿ ಮೇಜರ್ ಸೆವೆನ್‌ಗೆ 2 ಮತ್ತು 4: ಇ, ಬಿ. ಒಂದೊಂದು ಸಲಕ್ಕೂ ಒಂದು ಬೆರಳು ಕೂತಲ್ಲೇ ಇರುತ್ತದೆ, ಇನ್ನೊಂದು ಒಂದೇ ಒಂದು ಫ್ರೆಟ್ಟು ಹಿಂದೆ ಸರಿಯುತ್ತದೆ. ಈ ಎರಡು ಸ್ವರಗಳು ಆಯಾ ಕಾರ್ಡಿನ ಮೂಲಸ್ವರದಿಂದ ಎಣಿಸಿದರೆ ಮೂರನೆಯದು ಮತ್ತು ಏಳನೆಯದು. ಕಾರ್ಡು ಮೇಜರೋ ಮೈನರೋ ಡಾಮಿನೆಂಟೋ ಎಂದು ಹೇಳುವುದೇ ಇವೆರಡು. ಮೂಲಸ್ವರವನ್ನು ತಗ್ಗು ದನಿಯ ಬಾಸ್ ನೋಡಿಕೊಳ್ಳುತ್ತದೆ, ಐದನೆಯದು ಇಲ್ಲದಿದ್ದರೂ ಯಾರಿಗೂ ಕೊರತೆ ಕಾಣುವುದಿಲ್ಲ.

"ನುಡಿಸೋದಲ್ಲ, ಹಾಡು," ಅಂದರು ಅಂಕಲ್. "ಒಂದು ತಂತೀನ ನೀನು ಹಾಡು, ಇನ್ನೊಂದನ್ನ ಗಿಟಾರ್ ಹಾಡ್ಲಿ."

ಎಫ್ ಎಫ್ ಇ ಎಂದು ಹಾಡಲು ನಾಲಿಗೆ ಹೊರಳಲಿಲ್ಲ. ಚಿಕ್ಕವನಿದ್ದಾಗ ಗೀತೆಗಳ ತನಕ ಕಲಿತು ಬಿಟ್ಟ ಕರ್ನಾಟಕ ಸಂಗೀತ ಅಷ್ಟರಲ್ಲಿ ನೆನಪಾಯಿತು. ಸಿಯನ್ನು ಷಡ್ಜ ಮಾಡಿಕೊಂಡೆ. ಕೆಳಗಿನ (ತಗ್ಗು ದನಿಯ, ನಾಲ್ಕನೇ) ತಂತಿ: ಮ ಮ ಗ. ಮೇಲಿನ (ಮೂರನೇ) ತಂತಿ: ಸ ನಿ ನಿ. ಶಂಕರಾಭರಣದ ಸ್ವರಗಳೇ. ಮೊದಲ ಸಾಲು ಹಾಡುತ್ತ ಎರಡನೆಯದನ್ನು ಮೀಟಿದೆ, ಆಮೇಲೆ ಅದಲುಬದಲು ಮಾಡಿದೆ. ಮಧ್ಯಮದಲ್ಲಿ ನಿಂತು ಗಾಂಧಾರಕ್ಕೆ ಇಳಿಯುವ ಆ ಒಂದು ಕ್ಷಣದಲ್ಲಿ ಡಾಮಿನೆಂಟ್ ಅನ್ನುವುದು ನನಗೆ ಮೊದಲ ಬಾರಿ ಕೈಯಲ್ಲಲ್ಲದೆ ಗಂಟಲಲ್ಲಿ ಸಿಕ್ಕಿತು. ಜಿ ಸೆವೆನ್‌ನ ಒಳಗಿರುವ ಬಿ ಮತ್ತು ಎಫ್ ನಡುವೆ ಆರು ಅರ್ಧಸ್ವರಗಳ ಅಂತರ, ಸರಿಯಾಗಿ ಅರ್ಧ ಸ್ಥಾಯಿ. ಅಲ್ಲಿ ಕಿವಿ ನೆಮ್ಮದಿಯಾಗಿ ನಿಲ್ಲುವುದಿಲ್ಲ. ಮಧ್ಯಮ ಕೆಳಗೆ ಗಾಂಧಾರಕ್ಕೆ, ನಿಷಾದ ಮೇಲೆ ಷಡ್ಜಕ್ಕೆ ಹೋಗಬೇಕೆಂದು ಕೇಳುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಪಾಠದಲ್ಲಿ ನಿಷಾದ ಷಡ್ಜಕ್ಕೆ ಏರಲೇಬೇಕು. ಜಾಝಿನಲ್ಲಿ ತಲುಪುವ ಕಾರ್ಡೇ ಮೇಜರ್ ಸೆವೆನ್ ಆದ್ದರಿಂದ ನಿಷಾದ ಇದ್ದಲ್ಲೇ ಇದ್ದರೂ ಆಗುತ್ತದೆ. ಮಧ್ಯಮ ಮಾತ್ರ ಇಳಿಯಬೇಕು.

ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಒಂದು ತೊಡಕಿದೆ. ತಂಬೂರಿಯ ಷಡ್ಜ ಕಛೇರಿ ಮುಗಿಯುವ ತನಕ ಕದಲುವುದಿಲ್ಲ, ಮಧ್ಯಮ ಯಾವಾಗಲೂ ಮಧ್ಯಮವೇ. ಇಲ್ಲಿ ಹಾಗಲ್ಲ. ಡಿ ಬಾಸಿನ ಮೇಲೆ ಎಫ್ ಮೂರನೆಯ ಸ್ವರ, ಸೌಮ್ಯವಾಗಿ ಕೂತಿರುತ್ತದೆ. ಬಾಸ್ ಜಿಗೆ ಹೋದ ಕೂಡಲೇ ಅದೇ ಎಫ್ ಏಳನೆಯ ಸ್ವರವಾಗಿ ಇಳಿಯಲು ಹವಣಿಸುತ್ತದೆ. ಗ್ರಹಭೇದ (ಷಡ್ಜವನ್ನೇ ಬೇರೆ ಸ್ವರಕ್ಕೆ ಸರಿಸಿಕೊಳ್ಳುವುದು) ಕೇಳಿದವರಿಗೆ ಇದು ತೀರಾ ಹೊಸದಲ್ಲ, ಆದರೆ ಬಾರಿಗೊಮ್ಮೆ ನಡೆಯುವ ಗ್ರಹಭೇದಕ್ಕೆ ಕಿವಿ ಒಗ್ಗಬೇಕು. ನಾನು ಫೋನಿನಲ್ಲಿ ಬಾಸ್ ಸ್ವರಗಳನ್ನಷ್ಟೇ ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಒಂದೇ ಎಫ್ ಹಿಡಿದು ಗುನುಗುತ್ತಿದ್ದೆ. ಮೆಟ್ರೊದಲ್ಲಿ ಪಕ್ಕದಲ್ಲಿ ಕೂತವರು ಎದ್ದು ಹೋದದ್ದೂ ಉಂಟು.

ಇನ್ನೊಂದು ದಿನ ನಾನು ಜಿ ಸೆವೆನ್‌ನ ಎಫ್, ಬಿ ಹಿಡಿದು ಕೂತಿದ್ದಾಗ ಅಂಕಲ್ ತಮ್ಮ ಗಿಟಾರಿನಲ್ಲಿ ಬಾಸ್ ಕೊಡುತ್ತಿದ್ದರು. ಡಿ ಆಯಿತು. ಜಿ ಬರಬೇಕಾದಲ್ಲಿ ಐದನೇ ತಂತಿಯ 4ನೇ ಫ್ರೆಟ್ಟು ಒತ್ತಿ ಡಿ ಫ್ಲ್ಯಾಟ್ (ಡಿಗಿಂತ ಅರ್ಧ ಸ್ವರ ತಗ್ಗು) ಮೀಟಿದರು, ಆಮೇಲೆ ಸಿ. ನನ್ನ ಬೆರಳು ಏನೂ ಬದಲಾಯಿಸಿರಲಿಲ್ಲ, ಆದರೂ ಕೋಣೆಯಲ್ಲಿ ಕೇಳಿದ್ದು ಬೇರೆಯೇ ಕಾರ್ಡು. ಡಿ ಫ್ಲ್ಯಾಟ್ ಸೆವೆನ್‌ಗೆ ಎಫ್ ಮೂರನೆಯದು, ಬಿ ಏಳನೆಯದು. ಜಿ ಸೆವೆನ್‌ಗೆ ಬಿ ಮೂರನೆಯದು, ಎಫ್ ಏಳನೆಯದು. ಅರ್ಧ ಸ್ಥಾಯಿಯ ಅಂತರವನ್ನು ತಲೆಕೆಳಗು ಮಾಡಿದರೂ ಅರ್ಧ ಸ್ಥಾಯಿಯೇ ಉಳಿಯುವುದರಿಂದ ಒಂದೇ ಜೋಡಿ ಎರಡು ಡಾಮಿನೆಂಟುಗಳಿಗೆ ದುಡಿಯುತ್ತದೆ. ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಅನ್ನುವ ಭಾರಿ ಹೆಸರಿನ ಹಿಂದೆ ಇರುವುದು ಇಷ್ಟೇ. ಬಾಸಿನಲ್ಲಿ ಜಿಗಿತ ಹೋಗಿ 5, 4, 3 ಎಂದು ಇಳಿಯುವ ಸಾಲು ಸಿಗುತ್ತದೆ. ಇದನ್ನು ಬರೆದು ವಿವರಿಸಿದ ಪುಟಗಳನ್ನು ನಾನು ಹಿಂದೆಯೂ ಓದಿದ್ದೆ. ಎರಡು ಬೆರಳು ಅಲ್ಲಾಡಿಸದೆ ಕೂತು ಕೇಳುವ ತನಕ ಅದು ಒಳಗಿಳಿಯಲಿಲ್ಲ.

ಮುಂದಿನದು ನನಗೆ ತುಂಬ ಹಿಡಿಸಿದ ಅಭ್ಯಾಸ. ಅಮೆರಿಕದ ಸಂಗೀತಕಾರ ಗರ್ಶ್ವಿನ್ ಅವರ 1930ರ 'ಐ ಗಾಟ್ ರಿದಮ್' ಹಾಡಿನ ಕಾರ್ಡು ಸಾಲನ್ನು ಇಟ್ಟುಕೊಂಡು ಜಾಝಿನವರು ಲೆಕ್ಕವಿಲ್ಲದಷ್ಟು ಹೊಸ ಮಟ್ಟುಗಳನ್ನು ಕಟ್ಟಿದ್ದಾರೆ. ಆ ಸಾಲಿಗೆ ರಿದಮ್ ಚೇಂಜಸ್ ಅಂತಲೇ ಹೆಸರು. ಅದರ ನಡುಭಾಗದಲ್ಲಿ ನಾಲ್ಕು ಡಾಮಿನೆಂಟುಗಳು ಒಂದರ ಹಿಂದೊಂದು ಬರುತ್ತವೆ: ಡಿ ಸೆವೆನ್, ಜಿ ಸೆವೆನ್, ಸಿ ಸೆವೆನ್, ಎಫ್ ಸೆವೆನ್, ಒಂದೊಂದಕ್ಕೆ ಎರಡು ಬಾರು. ಯಾವುದೂ ಪೂರ್ತಿ ಇಳಿಯುವುದಿಲ್ಲ. ಒಂದು ಡಾಮಿನೆಂಟು ಇನ್ನೊಂದರ ಮೇಲೆ ಬೀಳುತ್ತದೆ. ಇಲ್ಲಿ ಎರಡು ತಂತಿಗಳ ಮೇಲೆ ಆಗುವುದೇನೆಂದರೆ 4–5, 3–4, 2–3, 1–2. ಒಂದೇ ಆಕಾರ ಒಂದೊಂದು ಫ್ರೆಟ್ಟು ಹಿಂದೆ ಜಾರುತ್ತ ಹೋಗುತ್ತದೆ. ಕೈ ಮಾಡುವ ಕೆಲಸ ಅಷ್ಟು ಸುಲಭ. ಕಿವಿಯದ್ದು ಹಾಗಲ್ಲ: ಡಿ ಸೆವೆನ್‌ನಲ್ಲಿ ಕೆಳಗಿನ ತಂತಿ ಮೂರನೆಯ ಸ್ವರ, ಮೇಲಿನದು ಏಳನೆಯದು, ಜಿ ಸೆವೆನ್‌ಗೆ ಬಂದರೆ ಕೆಳಗಿನದು ಏಳನೆಯದು, ಮೇಲಿನದು ಮೂರನೆಯದು, ಸಿಗೆ ಬಂದರೆ ಮತ್ತೆ ಹಿಂದಿನಂತೆ. ಕೋಲಾಟದ ಜೋಡಿಯ ಹಾಗೆ ಸುತ್ತಿಗೊಮ್ಮೆ ಜಾಗ ಬದಲಿಸಿಕೊಳ್ಳುತ್ತವೆ. ಕೊನೆಗೆ ಎಫ್ ಸೆವೆನ್‌ನಿಂದ ಬಿ ಫ್ಲ್ಯಾಟ್ ಮೇಜರಿಗೆ ಇಳಿಯುವಾಗ ಮೂರನೇ ತಂತಿಯ ಬೆರಳು 2ರಲ್ಲೇ ಇರುತ್ತದೆ, ನಾಲ್ಕನೇ ತಂತಿಯ ಬೆರಳು ಎತ್ತಿದರೆ ಸಾಕು, ಬಿಟ್ಟ ತಂತಿಯ ಡಿ ಕಾಯುತ್ತಿರುತ್ತದೆ. ಆ ಬೆರಳು ಎತ್ತುವುದರಲ್ಲಿ ಒಂದು ಸುಖವಿದೆ.

ಅಂಕಲ್ ತಾಳ ಬಡಿಯುವ ಮೆಟ್ರೊನೋಮನ್ನು ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಮಾತ್ರ ಬಡಿಯುವಂತೆ ಇಡಿಸುತ್ತಿದ್ದರು. ಒಂದು ಮತ್ತು ಮೂರು ನಮ್ಮೊಳಗೇ ಇರಬೇಕು. ಹನ್ನೆರಡು ಶ್ರುತಿಗಳಲ್ಲೂ ಇದನ್ನು ಮಾಡಿಸಿದರು, ಕಷ್ಟವಾಯಿತು, ಆಯಿತು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಎರಡು ಧ್ವನಿ ನಿಂತ ಮೇಲೆ ನಾಲ್ಕು ಧ್ವನಿಗೆ ಹೋದೆವು. ಕೆಳಗಿನ ಎರಡು ತಂತಿಗಳನ್ನು ಬಿಟ್ಟು, ನಾಲ್ಕನೆಯದರಿಂದ ಒಂದನೆಯ ತಂತಿಯ ಕ್ರಮದಲ್ಲಿ ಹೇಳುತ್ತೇನೆ. ಡಿ ಮೈನರ್‌ಗೆ 3, 5, 5, 5. ಜಿ ಸೆವೆನ್‌ಗೆ 3, 4, 4, 4. ಸಿ ಮೇಜರ್‌ಗೆ 2, 4, 3, 3. ಗಿಟಾರ್ ಹತ್ತಿರವಿದ್ದರೆ ಈಗಲೇ ಹಿಡಿದು ನೋಡಿ. ಮೂರರಲ್ಲಿಯೂ ಮೂಲಸ್ವರವಿಲ್ಲ. ಒಬ್ಬರೇ ನುಡಿಸಿದರೆ ಮೊದಲನೆಯದು ಎಫ್ ಮೇಜರ್ ಸೆವೆನ್ ಅನ್ನಿಸೀತು, ಕೊನೆಯದು ಇ ಮೈನರ್ ಸೆವೆನ್. ಕೆಳಗೆ ಬಾಸ್ ಬಂದರೆ ಡಿ ಮೈನರ್ ನೈನ್, ಸಿ ಮೇಜರ್ ನೈನ್ (ಒಂಬತ್ತನೆಯ ಸ್ವರವೂ ಸೇರಿದ ಕಾರ್ಡುಗಳು) ಆಗಿ ಕೂತುಕೊಳ್ಳುತ್ತವೆ.

ಇಲ್ಲಿ ಒಂದೊಂದು ತಂತಿಯನ್ನೂ ಒಬ್ಬೊಬ್ಬ ಹಾಡುಗಾರನೆಂದುಕೊಂಡು ಬೇರೆ ಬೇರೆಯಾಗಿ ಹಾಡಿದೆ. ನಾಲ್ಕನೆಯದು ಮೊದಲಿನಂತೆ ಮ ಮ ಗ. ಮೂರನೆಯದು ಸ ನಿ ನಿ. ಎರಡನೇ ತಂತಿಯಲ್ಲಿ ಅಂತರ ಗಾಂಧಾರ, ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ. ಒಂದನೆಯದರಲ್ಲಿ ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ನಾಲ್ವರೂ ಇದ್ದಲ್ಲೇ ನಿಲ್ಲುತ್ತಾರೆ, ಇಲ್ಲವೇ ಅರ್ಧ ಸ್ವರ ಕೆಳಗಿಳಿಯುತ್ತಾರೆ. ಅದಕ್ಕಿಂತ ದೂರ ಯಾರೂ ಹೋಗುವುದಿಲ್ಲ. ನಡುವಿನ ಕಾರ್ಡು ಜಿ ಬಾಸಿನ ಮೇಲೆ ಆಲ್ಟರ್ಡ್ ಡಾಮಿನೆಂಟ್, ಒಂಬತ್ತನೆಯದೂ ಹದಿಮೂರನೆಯದೂ ಅರ್ಧ ಸ್ವರ ತಗ್ಗಿದ್ದು. ಡಿ ಫ್ಲ್ಯಾಟ್ ಬಾಸಿನ ಮೇಲೆ ಅದೇ ಬೆರಳುಗಳು ಸರಳವಾದ ಡಿ ಫ್ಲ್ಯಾಟ್ ನೈನ್. ಆಲ್ಟರ್ಡ್ ಅನ್ನುವ ಹೆಸರು ಕೇಳಿ ಬಹಳ ದಿನ ಹೆದರಿಕೊಂಡಿದ್ದವನಿಗೆ ಅದು ಎರಡು ತಂತಿಗಳ ಮೇಲೆ ಸ್ವರ ಇಳಿದು ಬರುವ ದಾರಿಯಲ್ಲಿ ಸಿಗುವ ನಡುವಿನ ಮೆಟ್ಟಿಲೆಂದು ತಿಳಿದಾಗ ಹಗುರವಾಯಿತು.

ಹಾಡುತ್ತ ಹಾಡುತ್ತ ಇನ್ನೊಂದು ಕಂಡಿತು. ಶುದ್ಧ ಧೈವತದಿಂದ ಪಂಚಮಕ್ಕೆ, ಶುದ್ಧ ಮಧ್ಯಮದಿಂದ ಅಂತರ ಗಾಂಧಾರಕ್ಕೆ, ಕಾಕಲಿ ನಿಷಾದದಿಂದ ಷಡ್ಜಕ್ಕೆ. ಬಾಸಿನ ಡಿ ಫ್ಲ್ಯಾಟ್ ಸೇರಿಸಿದರೆ ಶುದ್ಧ ರಿಷಭದಿಂದ ಷಡ್ಜಕ್ಕೆ. ಡಾಮಿನೆಂಟನ್ನು ಬಿಗಿಯಾಗಿಸಲು ಜಾಝಿನವರು ಹುಡುಕಿಕೊಂಡ ಈ ಅರ್ಧಸ್ವರದ ಎಳೆತಗಳೆಲ್ಲ ಮಾಯಾಮಾಳವಗೌಳದಲ್ಲಿ ಒಟ್ಟಿಗೆ ಕೂತಿವೆ. ಸರಳೆವರಸೆಯಲ್ಲಿ ಅರ್ಥವಾಗದೆ ಕೂಗಿದ ಸ್ವರಗಳವು. ಎರಡು ಸಂಗೀತಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮಾಯಾಮಾಳವಗೌಳದಲ್ಲಿ ಡಾಮಿನೆಂಟೂ ಇಲ್ಲ, ಇಳಿಸುವ ಗೊಡವೆಯೂ ಇಲ್ಲ, ಗಮಕವಿಲ್ಲದೆ ಆ ಸ್ವರಗಳಿಗೆ ಅಲ್ಲಿ ಜೀವವೂ ಇಲ್ಲ. ಆದರೆ ಸರಳೆವರಸೆ ಹಾಡಿದ ಗಂಟಲಿಗೆ ಈ ಅರ್ಧ ಹೆಜ್ಜೆಗಳು ಮೊದಲೇ ಗೊತ್ತು. ಪಾಶ್ಚಾತ್ಯ ಥಿಯರಿ ನಮಗೆ ದೂರ ಎಂದು ಹಿಂಜರಿಯುವ ಗೆಳೆಯರಿಗೆ ನಾನು ಇದನ್ನೇ ಹಾಡಿ ತೋರಿಸುವುದು. ಅಂಕಲ್‌ಗೂ ತೋರಿಸಿದೆ. "ನಿಮ್ದೂ ಚೆನ್ನಾಗಿದೆ. ಆದ್ರೆ ಟೈಮ್ ಬಿಟ್ಟೆ ಮ್ಯಾನ್," ಅಂದರು.

ಆ ನಾಲ್ಕು ಧ್ವನಿಗಳ ಕಾರ್ಡುಗಳಲ್ಲಿ ಕೈಗೆ ಕಷ್ಟವಾದದ್ದು ಮೂರನೆಯ ಹಿಡಿತ, ಸಿ ಮೇಜರಿನದು. 4, 4, 4ಕ್ಕೆ ಉಂಗುರಬೆರಳನ್ನು ಮೂರು ತಂತಿಗೆ ಅಡ್ಡ ಒತ್ತಿರುತ್ತೇನೆ. ಅಲ್ಲಿಂದ 4, 3, 3ಕ್ಕೆ ಹೋಗುವಾಗ ಉಂಗುರಬೆರಳು ಮೂರನೇ ತಂತಿಯ ಮೇಲೆ ತುದಿಯಲ್ಲಿ ಎದ್ದು ನಿಲ್ಲಬೇಕು, ಮಧ್ಯದ ಬೆರಳು ಮಿಕ್ಕೆರಡು ತಂತಿಗಳನ್ನು 3ರಲ್ಲಿ ಅಡ್ಡ ಒತ್ತಬೇಕು. ಕೈ ಪೂರ್ತಿ ಎತ್ತಿ ಹೊಸದಾಗಿ ಹಿಡಿದರೆ ಸುಲಭ, ಆದರೆ ಆಗ ನಿಷಾದ ಕಡಿದುಹೋಗುತ್ತದೆ. ನಿಲ್ಲಬೇಕಾದ ಧ್ವನಿ ನಿಲ್ಲದಿದ್ದರೆ ಇಳಿಯುವ ಧ್ವನಿಗೆ ಬೆಲೆ ಇಲ್ಲ. ಬಿ ಸ್ವರ ಎರಡು ಕಾರ್ಡುಗಳ ಮೇಲೂ ಕಡಿಯದೆ ಮೊಳಗುವಂತೆ ಮಾಡಲು ಬೆರಳನ್ನು ಹೊರಳಿಸುವುದನ್ನೇ ನಿಧಾನವಾಗಿ ಅಭ್ಯಾಸ ಮಾಡಬೇಕಾಯಿತು. ವೇಗ ಹೆಚ್ಚಿಸಿದಾಗಲೆಲ್ಲ ಅದು ತಪ್ಪಿಸಿಕೊಳ್ಳುತ್ತಿತ್ತು.

ಇದಕ್ಕಿಂತ ಸರಾಗವಾದ ಒಂದು ದಾರಿಯೂ ಇದೆ. ಜಿ ಸೆವೆನ್‌ಗೆ 3, 4, 3, 4 ಹಿಡಿದರೆ ಎಫ್, ಬಿ, ಡಿ, ಎ ಫ್ಲ್ಯಾಟ್. ಅದು ಡಿಮಿನಿಷ್ಡ್ ಕಾರ್ಡು (ಮೂರು ಮೂರು ಅರ್ಧಸ್ವರಗಳ ಸಮ ಅಂತರದ ನಾಲ್ಕು ಸ್ವರಗಳು), ಜಿ ಬಾಸಿನ ಮೇಲೆ ಜಿ ಸೆವೆನ್ ಫ್ಲ್ಯಾಟ್ ನೈನ್. ಅಲ್ಲಿಂದ 2, 4, 3, 3ಕ್ಕೆ ಹೋಗಲು ಎರಡೇ ಧ್ವನಿ ಕದಲುತ್ತವೆ. ಡಿಮಿನಿಷ್ಡ್ ಆಕಾರವನ್ನು ಮೂರು ಫ್ರೆಟ್ಟು ಮೇಲೆ ಒಯ್ದರೂ ಅದೇ ನಾಲ್ಕು ಸ್ವರಗಳು ಕ್ರಮ ಬದಲಿಸಿ ಸಿಗುತ್ತವೆ. 6, 7, 6, 7ರಿಂದ 5, 5, 5, 7ಕ್ಕೆ ಇಳಿದರೆ ಮತ್ತೆ ಸಿ ಮೇಜರ್ ಸೆವೆನ್. ಹೀಗೆ ಗಿಟಾರಿನ ಕತ್ತಿನುದ್ದಕ್ಕೂ ಡಾಮಿನೆಂಟ್ ಹಿಡಿದು ಓಡಾಡಿ ಹತ್ತಿರ ಎಲ್ಲಿ ಅನುಕೂಲವೋ ಅಲ್ಲಿ ಇಳಿಯಬಹುದು. ಸುಲಭವಾಗಿ ಸಿಗುತ್ತದೆ ಎಂದೇ ಇದನ್ನು ಅತಿಯಾಗಿ ಬಳಸುವವರು ಬಹಳ. ಪ್ರತಿ ಇಳಿತಕ್ಕೂ ಫ್ಲ್ಯಾಟ್ ನೈನ್ ಹಾಕಿದರೆ ಹಳೆಯ ಮೂಕಿಚಿತ್ರದ ಹಿನ್ನೆಲೆ ಸಂಗೀತದಂತೆ ಕೇಳತೊಡಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೈನರಿಗೆ ಇಳಿಯುವಾಗ ಲೆಕ್ಕ ಬದಲಾಗುತ್ತದೆ. ಸಿ ಮೈನರಿನಲ್ಲಿ ಗಾಂಧಾರ ಇ ಫ್ಲ್ಯಾಟ್, ಹಾಗಾಗಿ ಎಫ್ ಅರ್ಧ ಸ್ವರವಲ್ಲ, ಪೂರ್ತಿ ಸ್ವರ ಇಳಿಯಬೇಕು, ನಾಲ್ಕನೇ ತಂತಿಯಲ್ಲಿ 3ರಿಂದ 1ಕ್ಕೆ. ಆ ಎಳೆತ ಅಷ್ಟು ಬಿಗಿಯಲ್ಲ. ಭಾರವೆಲ್ಲ ನಿಷಾದದ ಮೇಲೂ ಶುದ್ಧ ಧೈವತದ ಮೇಲೂ ಬೀಳುತ್ತದೆ. ನಿಷಾದವನ್ನು ಷಡ್ಜಕ್ಕೆ ಏರಿಸೋಣವೆಂದರೆ ತೋರುಬೆರಳು 1ರಲ್ಲಿ, ಕಿರುಬೆರಳು 5ರಲ್ಲಿ, ಕೈ ಸೀಳಿಹೋಗುತ್ತದೆ. ನಾನು ಎ ಫ್ಲ್ಯಾಟಿನಿಂದ ಜಿಗೆ ಇಳಿಯುವ ಧ್ವನಿಯನ್ನು ಮೇಲಿನ ತಂತಿಯಲ್ಲಿಟ್ಟು ಅದನ್ನೇ ಕೇಳಿಸುತ್ತೇನೆ. ಮಿಕ್ಕದ್ದು ಅದರ ನೆರಳಿನಲ್ಲಿ ನಡೆದುಹೋಗುತ್ತದೆ.

ಈ ಹಂತದಲ್ಲಿ ಅಂಕಲ್ ಕೇಳಲು ಹೇಳಿದ್ದು ಪಿಯಾನೊದ ಬಿಲ್ ಇವಾನ್ಸ್ ಮತ್ತು ಗಿಟಾರಿನ ಜಿಮ್ ಹಾಲ್ ಇಬ್ಬರೇ ಕೂತು 1962ರಲ್ಲಿ ಮಾಡಿದ ಧ್ವನಿಮುದ್ರಣ. ಬಾಸಿಲ್ಲ, ಡ್ರಮ್ಸಿಲ್ಲ. ಕಾರ್ಡು ನುಡಿಸುವ ಎರಡು ವಾದ್ಯಗಳು ಒಟ್ಟಿಗಿದ್ದರೆ ಸಾಮಾನ್ಯವಾಗಿ ಒಂದರ ಕಾಲನ್ನು ಇನ್ನೊಂದು ತುಳಿಯುತ್ತದೆ. ಅಲ್ಲಿ ಹಾಗಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಜಿಮ್ ಹಾಲ್ ಪಿಯಾನೊ ಹಿಂದೆ ನುಡಿಸುವುದನ್ನು ಮಾತ್ರ ಹಿಂಬಾಲಿಸಿದೆ. ಎರಡು ಸ್ವರ, ಮೂರು ಸ್ವರ, ಎಷ್ಟೋ ಕಡೆ ಮೌನ. ಆ ಎರಡು ಸ್ವರಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಪ್ರತಿ ಸಲವೂ ಗೊತ್ತಾಗುತ್ತದೆ. ನೂರಾರು ಕಾರ್ಡು ಆಕಾರಗಳ ಚಾರ್ಟು ಮಾರುವ ವಿಡಿಯೊಗಳನ್ನು ನೋಡುವುದನ್ನು ನಾನು ಬಿಟ್ಟದ್ದು ಅದಾದ ಮೇಲೆ.

ಸೋಲೋ ನುಡಿಸುವುದಕ್ಕೂ ಇದೇ ದಾರಿ ತೆರೆಯಿತು. ಬಾರಿನ ಮೊದಲ ಪೆಟ್ಟಿಗೆ ಮೂರನೆಯ ಸ್ವರ ಬೀಳಬೇಕು, ನಡುವೆ ಏನು ಬೇಕಾದರೂ ಮಾಡಿಕೊ, ಇಷ್ಟೇ ನಿಯಮ. ಜಿ ಸೆವೆನ್ ಬಾರಿನ ಕೊನೆಯಲ್ಲಿ ಎಫ್ ನುಡಿಸಿ ಮುಂದಿನ ಬಾರಿನ ಒಂದಕ್ಕೆ ಇ ಮುಟ್ಟಿದರೆ ಜೊತೆಗೆ ಯಾರೂ ಕಾರ್ಡು ಕೊಡದಿದ್ದರೂ ಸಿಗೆ ಬಂದದ್ದು ಕೇಳುಗರಿಗೆ ತಿಳಿಯುತ್ತದೆ. ಎಫ್, ಡಿ ಶಾರ್ಪ್, ಇ ಎಂದು ಎರಡೂ ಕಡೆಯಿಂದ ಸುತ್ತುವರಿದು ಇಳಿದರೆ ಇನ್ನೂ ಚೆಂದ.

ಆಮೇಲೆ ವಾರಾಂತ್ಯದಲ್ಲಿ ಕೂಡಿ ನುಡಿಸುವ ಒಂದು ಗುಂಪು ಸಿಕ್ಕಿತು. ಬಾಸ್, ಡ್ರಮ್ಸ್, ನಾನು, ಮತ್ತು ಸ್ಟ್ಯಾಂಡರ್ಡುಗಳನ್ನು (ಜಾಝಿನವರೆಲ್ಲ ನುಡಿಸುವ ಹಳೆಯ ಹಾಡುಗಳನ್ನು) ಹಾಡುವ ಒಬ್ಬ ಹುಡುಗಿ. ಸಿ ಶ್ರುತಿಯ ಹಾಡೊಂದರ ಕೊನೆಯಲ್ಲಿ ಅವಳು ಷಡ್ಜದ ಮೇಲೆ ಉದ್ದಕ್ಕೆ ನಿಲ್ಲುತ್ತಾಳೆ. ನಾನು ಪಾಠದಂತೆ 3–4ರಿಂದ 2–4ಕ್ಕೆ ಅಚ್ಚುಕಟ್ಟಾಗಿ ಇಳಿದೆ. ಹಾಡು ಮುಗಿದ ಮೇಲೆ ಅವಳು, "ಸರ್, ಕೊನೇಲಿ ನಂಗೆ ನಿಲ್ಲೋಕೇ ಆಗ್ತಿಲ್ಲ, ನಿಮ್ಮ ಗಿಟಾರಲ್ಲಿ ಏನೋ ಕೆಳಗೆ ಎಳೀತಿದೆ," ಅಂದಳು. ಅವಳ ಸಿಗೂ ನನ್ನ ಬಿಗೂ ನಡುವೆ ಅರ್ಧ ಸ್ವರದ ತಿಕ್ಕಾಟ. ನಾನು ಅಷ್ಟು ಜತನದಿಂದ ನಿಲ್ಲಿಸಲು ಕಲಿತ ನಿಷಾದವೇ ಅವಳಿಗೆ ಅಡ್ಡ ಬರುತ್ತಿತ್ತು.

ಅಂಕಲ್‌ಗೆ ಫೋನ್ ಮಾಡಿದರೆ ನಕ್ಕರು. "ಸಿಂಗರ್ ಒಂದರ ಮೇಲೆ ನಿಂತ್ರೆ ನೀನು ಆರಕ್ಕೆ ಹೋಗು. ಸಿಕ್ಸ್ತ್ ಹಾಕು, ಅವಳು ಆರಾಮಾಗಿ ನಿಲ್ತಾಳೆ."

ಅಂದರೆ ನಿಷಾದ ನಿಲ್ಲದೆ ಧೈವತಕ್ಕೆ, ಬಿಯಿಂದ ಎಗೆ, ಎರಡು ಫ್ರೆಟ್ಟು ಇಳಿಯಬೇಕು. ಮ ಮ ಗ ಹಾಗೇ ಇರುತ್ತದೆ, ಮೇಲಿನ ಸಾಲು ಸ ನಿ ದ ಆಗುತ್ತದೆ. ಆ ಹಾಡಿನ ಕೊನೆಗೆ ಬಂದಾಗ ಈಗ ತೋರುಬೆರಳನ್ನು 2ನೇ ಫ್ರೆಟ್ಟಿನಲ್ಲಿ ಎರಡು ತಂತಿಗಳ ಮೇಲೆ ಅಡ್ಡ ಮಲಗಿಸುತ್ತೇನೆ. ಅವಳು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾಳೆ. ಸ್ಯಾಕ್ಸೊಫೋನಿನವರು ಬಂದು ಅದೇ ಜಾಗದಲ್ಲಿ ಗಾಂಧಾರಕ್ಕೆ ಇಳಿದ ದಿನ ಮಾತ್ರ 2–4 ಹಿಡಿಯುತ್ತೇನೆ.